ವೆಬ್‌ಸೈಟಿನ ಪಟ್ಟಾ ಯಾರ ಹೆಸರಲ್ಲಿದೆ?

ಕೋಡ್ ಬಲ್ಲವರೂ ಬಿಲ್ಡರ್ ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಮಾತು

ಹೆಸರಲ್ಲಿ ಹತ್ತಿ, ಸಂತೆಯಲ್ಲಿ ಟೊಮೆಟೊ. ಅದೇ ಪತ್ತಿಕೊಂಡ! ತೆಲುಗಿನಲ್ಲಿ ಪತ್ತಿ ಅಂದರೆ ಹತ್ತಿ, ಕೊಂಡ ಅಂದರೆ ಬೆಟ್ಟ. ಆದರೆ ಹತ್ತಿಯ ದೊಡ್ಡ ವ್ಯಾಪಾರ ನಡೆಯುವುದು ನಮ್ಮವರು ಆದವಾನಿ ಎಂದು ಕರೆಯುವ ಆದೋನಿಯ ಯಾರ್ಡಿನಲ್ಲಿ. ಪತ್ತಿಕೊಂಡ ಹೆಸರಾದದ್ದು ಟೊಮೆಟೊ ಮಾರುಕಟ್ಟೆಯಿಂದ. ತುಗ್ಗಲಿ, ಮದ್ದಿಕೆರೆ, ದೇವನಕೊಂಡ ಕಡೆಯ ಮಾಲು ಇಲ್ಲಿಗೆ ಬರುತ್ತದೆ. ರೇಟು ಕಿಲೋಗೆ ಒಂದೆರಡು ರೂಪಾಯಿಗೆ ಬಿದ್ದು ರೈತರು ಹಣ್ಣನ್ನು ರಸ್ತೆಗೆ ಸುರಿದ ಸುದ್ದಿಯನ್ನು ಓದುಗರು ಎಷ್ಟೋ ಸಲ ಓದಿದ್ದಾರೆ. ಅದೇ ಟೊಮೆಟೊ 2023ರ ಜುಲೈಯಲ್ಲಿ ದೇಶದ ಹಲವು ಊರುಗಳಲ್ಲಿ ಕಿಲೋಗೆ 100 ರೂಪಾಯಿ ದಾಟಿದ್ದನ್ನೂ ನೋಡಿದ್ದಾರೆ.

ಪತ್ತಿಕೊಂಡದಲ್ಲಿ ತೆಲುಗಿನದೇ ಜೋರು. ಆಲೂರು, ಹೊಳಗುಂದ, ಆದೋನಿ ಕಡೆ ಹೋದ ಹಾಗೆ ಕನ್ನಡ ಕಿವಿಗೆ ಬೀಳುತ್ತದೆ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗೆರೆ ಬಿದ್ದರೂ ವ್ಯಾಪಾರ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ರೇಟು ತೆಲುಗಿನಲ್ಲಿ ಕೇಳಿ ಲೆಕ್ಕವನ್ನು ಕನ್ನಡದಲ್ಲಿ ಹಾಕುವವರು ಈಗಲೂ ಇದ್ದಾರೆ.

ಇಂಥ ಕಡೆಯ ಮನೆಗಳಿಂದಲೇ ಕಂಪ್ಯೂಟರ್ ಓದಿದ ಮಕ್ಕಳು ಬೆಂಗಳೂರು, ಹೈದರಾಬಾದಿಗೆ ಕೆಲಸಕ್ಕೆ ಹೋಗಿದ್ದಾರೆ. ಹಬ್ಬಕ್ಕೆ ಊರಿಗೆ ಬಂದರೆ ಸಾಕು, ಅಡತಿ ಅಂಗಡಿಯ ಮಾವನೋ, ಬೀಜ ಗೊಬ್ಬರದಂಗಡಿಯ ಅಣ್ಣನೋ ಹಿಡಿದು ಕೇಳುತ್ತಾರೆ: 'ನಮಗೂ ಒಂದು ವೆಬ್‌ಸೈಟ್ ಮಾಡ್ಕೊಡಪಾ, ನಿನಗೆಲ್ಲಾ ಬರ್ತದಲ್ಲ!'

ಬರುತ್ತದೆ, ನಿಜ. ಆದರೆ ಯಾವುದರಲ್ಲಿ ಮಾಡಬೇಕು? ಪ್ರತಿ ಸಾಲನ್ನೂ ಕೈಯಲ್ಲೇ ಬರೆಯಬೇಕೋ, ಅಥವಾ ಬೇಕಾದ್ದನ್ನು ಪರದೆಯ ಮೇಲೆ ಎಳೆದು ತಂದು ಕೂರಿಸಿ ಕಣ್ಣೆದುರಿಗೇ ಪುಟ ಕಟ್ಟುವ 'ಬಿಲ್ಡರ್' ಹಿಡಿಯಬೇಕೋ? ಕೋಡ್ ಬಲ್ಲವರಿಗೇ ಈ ಪ್ರಶ್ನೆ ಹೆಚ್ಚು ಕಷ್ಟದ್ದು. ಬಾರದವರಿಗೆ ಒಂದೇ ದಾರಿ, ಬರುವವರಿಗೆ ಹತ್ತು ದಾರಿ!

ಕೋಡ್ ಬಂದ ಮೇಲೆ ಬಿಲ್ಡರ್ ಯಾಕೆ?

'ನಾನೇ ಬರೀತೀನಿ, ಬಿಲ್ಡರ್ ಯಾತಕ್ಕೆ?' ಎಂದು ಹುಡುಗರು ಬೀಗುವುದುಂಟು. ಬರೆಯಲಿ, ತಪ್ಪಿಲ್ಲ. ಎಚ್‌ಟಿಎಂಎಲ್, ಸಿಎಸ್‌ಎಸ್ ಕೈಯಲ್ಲೇ ಬರೆದ ಪುಟ ಹಗುರ, ವೇಗ, ಅಂದ. ಆದರೆ ಹಬ್ಬ ಮುಗಿದು ಹುಡುಗ ಬೆಂಗಳೂರಿನ ಬಸ್ಸು ಹತ್ತಿದ ಮೇಲೆ? ಅಂಗಡಿಯ ಫೋನ್ ನಂಬರ್ ಬದಲಾಯಿತು, ಹೊಸ ತಳಿಯ ಬೀಜ ಬಂತು, ಯುಗಾದಿಗೆ ಎರಡು ದಿನ ರಜೆ. ಇಷ್ಟನ್ನು ತಿದ್ದುವುದಕ್ಕೂ ಅವನಿಗೇ ಫೋನ್ ಮಾಡಬೇಕು. ಅವನಿಗೆ ಅಲ್ಲಿ ಆಫೀಸಿನ ಕೆಲಸ. ಇವತ್ತು ನಾಳೆ ಅನ್ನುತ್ತಾ ಆರು ತಿಂಗಳು ಕಳೆಯುತ್ತದೆ. ಕೊನೆಗೆ ಸೈಟಿನಲ್ಲಿ ಹಳೇ ನಂಬರ್, ಅಂಗಡಿಯಲ್ಲಿ ಹೊಸ ನಂಬರ್. ಹುಡುಕಿಕೊಂಡು ಬಂದ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ.

ಆದ್ದರಿಂದ ಬಿಲ್ಡರ್ ಬೇಕಾಗುವುದು ಕಟ್ಟುವವನಿಗಿಂತ ಅಂಗಡಿಯ ಗುಮಾಸ್ತನಿಗೆ. ಗುಮಾಸ್ತ ಫೋನಿನಲ್ಲೋ ಹಳೇ ಕಂಪ್ಯೂಟರಿನಲ್ಲೋ ಎರಡು ಒತ್ತು ಒತ್ತಿ ತಿದ್ದುವಂತಿರಬೇಕು. ಕೋಡ್ ಬಲ್ಲವನು ಬೇಕೆನಿಸಿದಾಗ ಒಳಹೊಕ್ಕು ತನ್ನ ಸಾಲು ಸೇರಿಸುವಂತಿರಬೇಕು. ಈ ಎರಡೂ ಸಿಗುವ ಬಿಲ್ಡರೇ ನಮಗೆ ಬೇಕಾದದ್ದು. ಇವೆರಡರ ಜೊತೆಗೆ ಮೂರನೆಯದೊಂದುಂಟು. ಅದನ್ನೇ ಜನ ಮರೆಯುವುದು.

ಮನ್ರೋ ಸಾಹೇಬರ ಪಟ್ಟಾ

ಪತ್ತಿಕೊಂಡದವರಿಗೆ ಮನ್ರೋ ಸಾಹೇಬರ ಹೆಸರು ಹೊಸದಲ್ಲ. 1800ರಲ್ಲಿ ನಿಜಾಮರಿಂದ ಕಂಪನಿಗೆ ಬಂದ ದತ್ತ ಮಂಡಲಗಳಿಗೆ ಕಲೆಕ್ಟರಾಗಿ ಬಂದು, 1807ರವರೆಗೆ ಈ ಸೀಮೆಯಲ್ಲಿದ್ದವರು ಥಾಮಸ್ ಮನ್ರೋ. ಮುಂದೆ ಮದ್ರಾಸಿನ ಗವರ್ನರ್ ಆದರು. ಆ ಹುದ್ದೆಯಲ್ಲಿದ್ದಾಗಲೇ ಈ ಕಡೆ ಪ್ರವಾಸ ಬಂದು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಅವರ ಹೆಸರಿಗೆ ಅಂಟಿಕೊಂಡದ್ದು ರೈತವಾರಿ ಪದ್ಧತಿ. ನಡುವೆ ಜಮೀನ್ದಾರನಿಲ್ಲದೆ ಹೊಲದ ಪಟ್ಟಾ ಉಳುವವನ ಹೆಸರಿಗೇ ಇರುವುದು ಅದರ ತಿರುಳು. ಕಂದಾಯದ ಭಾರ ಎಷ್ಟಿತ್ತು, ಅದು ರೈತನನ್ನು ಎಷ್ಟು ಹಿಂಡಿತು ಎಂಬ ವಾದ ಬೇರೆ. ಪಟ್ಟಾ ಯಾರ ಹೆಸರಲ್ಲಿದೆ ಎಂಬ ಪ್ರಶ್ನೆ ಮಾತ್ರ ಇಂದಿಗೂ ಈ ನೆಲದ ದೊಡ್ಡ ಪ್ರಶ್ನೆಯೇ.

ವೆಬ್‌ಸೈಟಿಗೂ ಅದೇ ಪ್ರಶ್ನೆ. ಬಿಲ್ಡರ್ ಕಂಪನಿ ಜಮೀನ್ದಾರನಿದ್ದಂತೆ. ಅವನ ನೆಲದಲ್ಲಿ ಮನೆ ಕಟ್ಟಿಕೊಂಡು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೀರಿ. ಬಾಡಿಗೆ ಏರಿಸಿದರೆ, ಅಂಗಡಿಯನ್ನೇ ಮುಚ್ಚಿಕೊಂಡು ಹೋದರೆ, ಮನೆಯನ್ನು ಕಳಚಿ ಬೇರೆ ಕಡೆ ಒಯ್ಯಲು ಬಂದೀತೆ? ಇದೇ ಆ ಮೂರನೆಯ ಮಾತು.

ಮುಚ್ಚಿಹೋದ ಅಂಗಡಿಗಳು

'ಅಷ್ಟು ದೊಡ್ಡ ಕಂಪನಿ ಮುಚ್ಚುತ್ತದೇನ್ರೀ?' ಎನ್ನುವವರು ಇಲ್ಲಿ ಸ್ವಲ್ಪ ಗಮನಿಸಬೇಕು.

ಜಿಯೋಸಿಟೀಸ್ ಎಂಬುದು 1994ರಲ್ಲಿ ಶುರುವಾಯಿತು. ಲಕ್ಷಾಂತರ ಜನ ಅಲ್ಲಿ ತಮ್ಮ ಮೊದಲ ಪುಟ ಕಟ್ಟಿದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರಲ್ಲಿ ಮುಚ್ಚಿತು. ಅಡೋಬಿಯ ಮ್ಯೂಸ್ ಎಂಬ ಸಾಧನ, ಕೋಡ್ ಮುಟ್ಟದೆಯೇ ಸೈಟ್ ಕಟ್ಟಬಹುದೆಂದು 2012ರಲ್ಲಿ ಬಂತು. 2018ರಲ್ಲಿ ಇನ್ನು ಮುಂದೆ ಬೆಳೆಸುವುದಿಲ್ಲ ಎಂದರು, 2020ರ ಮಾರ್ಚ್‌ಗೆ ನೆರವೂ ನಿಂತಿತು. ಮೈಕ್ರೋಸಾಫ್ಟಿನ ಫ್ರಂಟ್‌ಪೇಜ್ ಒಂದು ಕಾಲಕ್ಕೆ ಕಂಪ್ಯೂಟರ್ ಕ್ಲಾಸುಗಳಲ್ಲಿ ಪಾಠವಾಗಿತ್ತು. ಈಗ ಅದರ ಹೆಸರು ಹೇಳಿದರೆ ಹುಡುಗರು ನಗುತ್ತಾರೆ.

ನಮ್ಮ ಅಂಗಡಿಯವರಿಗೆ ಹತ್ತಿರದ ಉದಾಹರಣೆ ಇನ್ನೊಂದಿದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸಿದವರಿಗೆ ಗೂಗಲ್ಲೇ ಬಿಟ್ಟಿಯಾಗಿ ಒಂದು ಪುಟ್ಟ ವೆಬ್‌ಸೈಟ್ ಕೊಡುತ್ತಿತ್ತು. ಊರೂರಿನ ಸಣ್ಣ ಅಂಗಡಿಗಳು ಆ ವಿಳಾಸವನ್ನು ಬಿಲ್ ಪುಸ್ತಕದ ಮೇಲೆ, ಬೋರ್ಡಿನ ಮೇಲೆ ಹಾಕಿಸಿಕೊಂಡವು. 2024ರ ಮಾರ್ಚಿನಲ್ಲಿ ಗೂಗಲ್ ಆ ಸೈಟುಗಳನ್ನೆಲ್ಲ ನಿಲ್ಲಿಸಿತು. ಕೆಲವು ತಿಂಗಳು ಹಳೇ ವಿಳಾಸ ಮ್ಯಾಪಿನ ಪುಟಕ್ಕೆ ಕಳಿಸುತ್ತಿತ್ತು, ಆಮೇಲೆ ಅದೂ ಇಲ್ಲ. ಬೋರ್ಡು ಉಳಿಯಿತು, ವಿಳಾಸ ಹೋಯಿತು!

ಯಾವ ಬಿಲ್ಡರ್ ಹೇಗೆ?

ಹಾಗಾದರೆ ಕೋಡ್ ಬಲ್ಲವರ ಮುಂದಿರುವ ಬಿಲ್ಡರ್‌ಗಳನ್ನು ಒಳಗೆ ಹೋಗುವ ಬಾಗಿಲಿನಿಂದ ನೋಡದೆ ಹೊರಗೆ ಬರುವ ಬಾಗಿಲಿನಿಂದ ನೋಡೋಣ.

ವಿಕ್ಸ್: 2006ರಿಂದ ಇರುವ ಕಂಪನಿ. ಬಾರದವರಿಗೂ ಬಲು ಸುಲಭ. ವೆಲೋ ಎಂಬ ಹೆಸರಿನಲ್ಲಿ ಜಾವಾಸ್ಕ್ರಿಪ್ಟ್ ಬರೆಯುವುದಕ್ಕೂ ಅವಕಾಶವಿದೆ. ಆದರೆ ಕಟ್ಟಿದ ಸೈಟನ್ನು ಫೈಲುಗಳಾಗಿ ಇಳಿಸಿಕೊಂಡು ಬೇರೆ ಕಡೆ ಇಡಲು ಬರುವುದಿಲ್ಲ. ಇದ್ದರೆ ಅಲ್ಲೇ ಇರಬೇಕು. ಬೇಡವಾದ ದಿನ ಮತ್ತೆ ಮೊದಲಿಂದ ಕಟ್ಟಬೇಕು. ಕೋಡ್ ಬರೆಯಬಲ್ಲವನು ತನ್ನ ದುಡಿಮೆಯನ್ನು ಇಲ್ಲಿ ಸುರಿಯುವ ಮುಂಚೆ ಎರಡು ಸಲ ಯೋಚಿಸಬೇಕು.

ವೆಬ್‌ಫ್ಲೋ: 2013ರಲ್ಲಿ ಬಂದದ್ದು. ಸಿಎಸ್‌ಎಸ್ ಬಲ್ಲವರಿಗೆ ಮೊದಲ ದಿನವೇ ಮನೆಯಂತೆ ಕಾಣುತ್ತದೆ. ಕ್ಲಾಸು, ಗ್ರಿಡ್ಡು, ಫ್ಲೆಕ್ಸು ಎಲ್ಲವೂ ಪರದೆಯ ಮೇಲೇ ಇರುತ್ತವೆ, ನೀವು ಎಳೆದಂತೆ ಅದು ಬರೆಯುತ್ತದೆ. ಹಣ ಕೊಟ್ಟವರಿಗೆ ಕೋಡ್ ಇಳಿಸಿಕೊಳ್ಳಲು ಬಿಡುತ್ತದೆ. ಆದರೆ ಇಳಿಸಿಕೊಂಡದ್ದರಲ್ಲಿ ಫಾರಂಗಳು ಕೆಲಸ ಮಾಡುವುದಿಲ್ಲ. ಗುಮಾಸ್ತ ತುಂಬುವ ಪಟ್ಟಿಯ ವ್ಯವಸ್ಥೆಯೂ ಜೊತೆಗೆ ಬರುವುದಿಲ್ಲ, ಆ ಮಾಹಿತಿಯನ್ನು ಬೇರೆಯಾಗಿ ತೆಗೆದುಕೊಳ್ಳಬೇಕು. ಅಂದರೆ ಗೋಡೆ ಬರುತ್ತದೆ, ನಲ್ಲಿ ನೀರು ಬರುವುದಿಲ್ಲ. ಬಾಡಿಗೆ ಡಾಲರಿನ ಲೆಕ್ಕ ಎಂಬುದನ್ನೂ ನೆನಪಿಡಬೇಕು.

ವರ್ಡ್‌ಪ್ರೆಸ್: 2003ರಿಂದ ಇದೆ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಹೋಸ್ಟಿಂಗಿನಲ್ಲಿ ಇಟ್ಟುಕೊಳ್ಳಬಹುದಾದ ಮುಕ್ತ ತಂತ್ರಾಂಶ. 2018ರ ಡಿಸೆಂಬರಿನಿಂದ ಇದರಲ್ಲೇ ಬ್ಲಾಕುಗಳನ್ನು ಜೋಡಿಸುವ ಎಡಿಟರ್ ಸೇರಿಕೊಂಡಿದೆ. ಹೋಸ್ಟಿಂಗ್ ಕಂಪನಿ ಸರಿಬೀಳದಿದ್ದರೆ ಫೈಲು, ಡೇಟಾಬೇಸ್ ಎರಡನ್ನೂ ಕಟ್ಟಿಕೊಂಡು ಮತ್ತೊಂದಕ್ಕೆ ಹೋಗಬಹುದು. ಪಟ್ಟಾ ನಿಮ್ಮದೇ. ಆದರೆ ವರ್ಡ್‌ಪ್ರೆಸ್ ಎಂದರೆ ಮನೆಯಲ್ಲಿ ಎತ್ತು ಸಾಕಿದ ಹಾಗೆ, ಮೇವು ನೀರು ತಪ್ಪಿಸುವ ಹಾಗಿಲ್ಲ. ಕಾಲಕಾಲಕ್ಕೆ ಅಪ್‌ಡೇಟ್ ಹಾಕದೆ ಬಿಟ್ಟರೆ ಕಳ್ಳರು ನುಗ್ಗುತ್ತಾರೆ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ವರ್ಡ್‌ಪ್ರೆಸ್ ಮೇಲೆ ಎಲಿಮೆಂಟರ್, ಡಿವಿಯಂಥ ಬೇರೆ ಬಿಲ್ಡರ್‌ಗಳನ್ನು ಹೇರುವುದುಂಟು. ಕೆಲಸ ಬೇಗ ಮುಗಿಯುತ್ತದೆ. ಆದರೆ ಒಂದು ದಿನ ಎಲಿಮೆಂಟರ್ ತೆಗೆದರೆ ಬರಹ ಉಳಿದರೂ ವಿನ್ಯಾಸ ಚದುರುತ್ತದೆ. ಡಿವಿಯ ಹಿಂದಿನ ಆವೃತ್ತಿಗಳನ್ನು ತೆಗೆದರಂತೂ ಪುಟದ ತುಂಬ ಚೌಕ ಕಂಸಗಳ ಗುರುತುಗಳೇ ಉಳಿಯುತ್ತಿದ್ದವು. ಮುಕ್ತವಾದ ಮನೆಯೊಳಗೇ ಮತ್ತೊಬ್ಬ ಜಮೀನ್ದಾರನನ್ನು ಕೂರಿಸಿಕೊಂಡ ಹಾಗೆ!

ಪೈನ್‌ಗ್ರೋ: ಇದು ನಿಮ್ಮ ಕಂಪ್ಯೂಟರಿನಲ್ಲೇ ಕೂರುವ ಎಡಿಟರ್. ಇರುವ ಎಚ್‌ಟಿಎಂಎಲ್ ಫೈಲನ್ನೇ ತೆರೆದು, ಕಣ್ಣೆದುರು ತಿದ್ದಿ, ಅದೇ ಫೈಲಾಗಿ ಉಳಿಸುತ್ತದೆ. ನಾಳೆ ಪೈನ್‌ಗ್ರೋ ಇಲ್ಲದಿದ್ದರೂ ಫೈಲಿಗೆ ಏನೂ ಆಗದು. ಕೋಡ್ ಬಲ್ಲವನಿಗೆ ಒಳ್ಳೆಯ ಜೊತೆ, ಆದರೆ ಗುಮಾಸ್ತನ ಕೈಗೆ ಕೊಡುವಂಥದ್ದಲ್ಲ.

ಇವೆಲ್ಲ ಬೇಡ, ಗುಮಾಸ್ತನಿಗೆ ಬೇಕಾದಷ್ಟೇ ಇರುವ ಪುಟ್ಟ ಬಿಲ್ಡರನ್ನು ನಾನೇ ಕಟ್ಟಿಕೊಡುತ್ತೇನೆ ಎನ್ನುವ ಗಟ್ಟಿಗರಿಗೆ ಗ್ರೇಪ್ಸ್‌ಜೆಎಸ್ ಎಂಬ ಮುಕ್ತ ತಂತ್ರಾಂಶವಿದೆ. ಆದರೆ ಒಂದು ಅಡತಿ ಅಂಗಡಿಗೆ ಅಷ್ಟು ದೊಡ್ಡ ಕೊಟ್ಟಿಗೆ ಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು.

ಕನ್ನಡ, ತೆಲುಗು ಎರಡೂ ನಿಲ್ಲಬೇಕು

ಗಡಿಯ ಅಂಗಡಿಗೆ ಒಂದೇ ಭಾಷೆಯ ಸೈಟ್ ಸಾಲದು. ಬಿಲ್ಡರ್‌ಗಳ ಜಾಹೀರಾತು ನೋಡಿದರೆ ಎಲ್ಲವೂ ಇಂಗ್ಲಿಷಿನಲ್ಲಿ ಚೆಂದ. ನಮ್ಮ ಅಕ್ಷರ ಹಾಕಿ ನೋಡಿದಾಗಲೇ ಬಣ್ಣ ಬಯಲು.

ಮೊದಲ ಪರೀಕ್ಷೆ: 'ಶಾಸ್ತ್ರ', 'ರಾಷ್ಟ್ರ' ಎಂಬ ಎರಡು ಪದಗಳನ್ನು ತಲೆಬರಹದಲ್ಲಿ ಹಾಕಿ ನೋಡಿ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಮೇಲೆ ಕೂರುತ್ತದೆ. ಸಾಲಿನ ಎತ್ತರವನ್ನು ಭಾಷೆಗೊಂದರಂತೆ ಇಡಲು ಬಿಡುವ ಬಿಲ್ಡರ್ ಬೇಕು. ಅಕ್ಷರಗಳ ನಡುವೆ ಜಾಗ ಬಿಡಿಸುವ ಷೋಕಿಯನ್ನು ಕನ್ನಡ ತೆಲುಗಿಗೆ ಪೂರ್ತಿ ತೆಗೆದುಹಾಕಿ. ಫಾಂಟಿಗೆ ತೊಂದರೆಯಿಲ್ಲ. ನೋಟೋ ಸಾನ್ಸ್ ಎರಡು ಭಾಷೆಗೂ ಬಿಟ್ಟಿ ಸಿಗುತ್ತದೆ.

ಎರಡನೆಯದು: ಹಳೇ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಕರಪತ್ರದ ಬರಹವನ್ನು ಹಾಗೇ ತಂದು ಅಂಟಿಸಬೇಡಿ. ಹಳೆಯ ನುಡಿ ಫಾಂಟಿನ ಕನ್ನಡವಾಗಲಿ, ಅನು ಫಾಂಟಿನ ತೆಲುಗಾಗಲಿ ಯೂನಿಕೋಡ್ ಅಲ್ಲದ್ದಾದರೆ ಬರೀ ಕಸ ಕಾಣುತ್ತದೆ. ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು.

ಮೂರನೆಯದು: ಪುಟದ ವಿಳಾಸ. ತಲೆಬರಹ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಅದನ್ನು ವಾಟ್ಸಾಪಿಗೆ ಅಂಟಿಸಿದರೆ ಒಂದೊಂದು ಅಕ್ಷರವೂ ಶೇಕಡಾ ಗುರುತಿನ ಒಂಬತ್ತು ಚಿಹ್ನೆಗಳಾಗಿ ಮಾರುದ್ದ ಬೆಳೆಯುತ್ತದೆ. ವಿಳಾಸಕ್ಕೆ 200 ಚಿಹ್ನೆಗಳ ಮಿತಿಯೂ ಇರುವುದರಿಂದ ಉದ್ದ ತಲೆಬರಹ ಅರ್ಧಕ್ಕೇ ತುಂಡಾಗುತ್ತದೆ. ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಟ್ಟುಬಿಡಿ.

ಕೋಡ್ ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವೂ ಇದೆ. ಕನ್ನಡ ತೆಲುಗು ಲಿಪಿಗಳು ಅಕ್ಕತಂಗಿಯರೆಂದು ಹಿರಿಯರು ಹೇಳುವುದು ಯೂನಿಕೋಡಿನಲ್ಲೂ ನಿಜ. ಎರಡೂ ಅಕ್ಕಪಕ್ಕದ ಮನೆಗಳು. ಕನ್ನಡದ 'ಕ' ಅಕ್ಷರದ ಸಂಖ್ಯೆಯಿಂದ 128 ಕಳೆದರೆ ತೆಲುಗಿನ 'ಕ' ಸಿಗುತ್ತದೆ. 'ಮ', 'ರ', ಕಾಗುಣಿತ, ಸೊನ್ನೆ, ಎಲ್ಲಕ್ಕೂ ಇದೇ ಲೆಕ್ಕ. ಹೀಗಾಗಿ ಆಸ್ಪರಿ, ಪತ್ತಿಕೊಂಡ, ದೇವನಕೊಂಡ ಎಂಬ ಊರ ಹೆಸರುಗಳನ್ನು ಕನ್ನಡದಲ್ಲಿ ಒಮ್ಮೆ ಬರೆದರೆ ಸಾಕು, ನಾಲ್ಕು ಸಾಲಿನ ಕೋಡ್ ಅದನ್ನೇ ತೆಲುಗು ಲಿಪಿಯಲ್ಲಿ ತೋರಿಸುತ್ತದೆ. ಇದು ಲಿಪಿ ಬದಲಿಸುವ ಕೆಲಸ ಮಾತ್ರ. ಹತ್ತಿಯನ್ನು ಪತ್ತಿ ಮಾಡುವುದು ಮನುಷ್ಯರದೇ ಕೆಲಸ! ಇಂಥ ನಾಲ್ಕು ಸಾಲು ಸೇರಿಸಲು ಬಿಡದ ಬಿಲ್ಡರ್ ಕೋಡ್ ಬಲ್ಲವನ ಕೈ ಕಟ್ಟಿಹಾಕಿದಂತೆ. ಕೆಲವು ಕಡೆ ಸ್ವಂತ ಕೋಡ್ ಸೇರಿಸುವುದಕ್ಕೇ ಹೆಚ್ಚಿನ ಹಣ ಕೊಡಬೇಕು. ಮೊದಲೇ ಕೇಳಿಕೊಳ್ಳಿ.

ರೇಟಿನ ಪುಟ: ಹಳಸಿದ್ದು ಬಡಿಸಬೇಡಿ

ವೆಬ್‌ಸೈಟ್ ಬಂದರೆ ಟೊಮೆಟೊ ರೇಟು ಏರುತ್ತದೆ ಎಂದು ಯಾರೂ ನಂಬಬಾರದು. ರೇಟು ಬೀಳುವುದು ಮಾಲು ಒಂದೇ ಸಲ ನುಗ್ಗುವುದರಿಂದ, ಇಟ್ಟುಕೊಳ್ಳಲು ಜಾಗವಿಲ್ಲದ್ದರಿಂದ. ಆದರೆ ಬಳ್ಳಾರಿಯ ಖರೀದಿದಾರನಿಗೆ ಈ ದಿನದ ರೇಟು, ಮಾಲಿನ ಗ್ರೇಡು, ಅಂಗಡಿಯ ನಂಬರ್ ಒಂದೇ ಕಡೆ ಸಿಕ್ಕರೆ ಒಂದು ಫೋನ್ ಹೆಚ್ಚು ಬಂದೀತು.

ಅದಕ್ಕೆ ಸುಲಭದ ದಾರಿ ಗೂಗಲ್ ಶೀಟ್. ಗುಮಾಸ್ತ ಬೆಳಗಿನ ಹರಾಜು ಮುಗಿದ ಮೇಲೆ ಫೋನಿನಲ್ಲೇ ಶೀಟಿನಲ್ಲಿ ತಾರೀಕು, ಮಾಲು, ಕನಿಷ್ಠ ರೇಟು, ಗರಿಷ್ಠ ರೇಟು ತುಂಬುತ್ತಾನೆ. ಶೀಟನ್ನು ವೆಬ್ಬಿಗೆ ಪ್ರಕಟಿಸಿದರೆ ಅದೊಂದು ಸಾದಾ ಪಟ್ಟಿಯಾಗಿ ಸಿಗುತ್ತದೆ. ಹುಡುಗನ ಹತ್ತಿಪ್ಪತ್ತು ಸಾಲು ಜಾವಾಸ್ಕ್ರಿಪ್ಟ್ ಅದನ್ನು ಓದಿ ಪುಟದಲ್ಲಿ ತೋರಿಸುತ್ತದೆ. ಕೆಲವು ನಿಮಿಷ ತಡವಾದೀತು, ಅಷ್ಟೇ. ಬಿಲ್ಡರ್ ನಾಳೆ ಬದಲಾದರೂ ಶೀಟು ನಿಮ್ಮದೇ.

ಇಲ್ಲಿ ಮೂರು ಕಟ್ಟುನಿಟ್ಟು. ಒಂದು, ರೇಟು ಕಿಲೋಗೋ, ಕ್ರೇಟಿಗೋ, ಕ್ವಿಂಟಾಲಿಗೋ ಎಂದು ಪ್ರತಿ ಸಾಲಿನಲ್ಲೂ ಬರೆಯಬೇಕು. ಎರಡು, ತಾರೀಕು ಈ ದಿನದ್ದಲ್ಲದಿದ್ದರೆ ಕೋಡು ಆ ರೇಟನ್ನು ಮರೆಮಾಡಿ 'ಈ ದಿನದ ರೇಟು ಇನ್ನೂ ಬಂದಿಲ್ಲ' ಎಂದು ತೋರಿಸಬೇಕು. ಮೊನ್ನೆಯ ರೇಟು ನೋಡಿ ಗಾಡಿ ಕಟ್ಟಿಕೊಂಡು ಬಂದ ರೈತನ ಡೀಸೆಲ್ಲು ಯಾರು ಕೊಡುತ್ತಾರೆ? ಮೂರು, ರೈತರ ಹೆಸರು, ಬಾಕಿ, ಫೋನ್ ನಂಬರುಗಳನ್ನು ಅದೇ ಶೀಟಿನಲ್ಲಿ ಇಡಕೂಡದು. ಪ್ರಕಟಿಸಿದ ಶೀಟು ಸಂತೆಯ ಕಲ್ಲಿನ ಮೇಲೆ ಬರೆದ ಹಾಗೆ, ಎಲ್ಲರಿಗೂ ಕಾಣುತ್ತದೆ.

ಹೊಲದಲ್ಲಿ ತೆರೆದು ನೋಡಿ

ಬೆಂಗಳೂರಿನ ಆಫೀಸಿನಲ್ಲಿ ಕ್ಷಣದಲ್ಲಿ ತೆರೆಯುವ ಸೈಟು ತುಗ್ಗಲಿಯ ಹೊಲದ ಬದುವಿನಲ್ಲಿ ತೆರೆಯುವುದೇ? ಬಿಲ್ಡರ್‌ಗಳು ತಮ್ಮ ಅನುಕೂಲಕ್ಕೆ ಪುಟಕ್ಕೆ ಬೇಡದ ಸ್ಕ್ರಿಪ್ಟು, ಚಲಿಸುವ ಚಿತ್ರ, ನಾಲ್ಕಾರು ಫಾಂಟು ತುಂಬುತ್ತವೆ. ಆರಿಸುವ ಮುನ್ನ ಅದೇ ಬಿಲ್ಡರಿನಲ್ಲಿ ಒಂದು ಮಾದರಿ ಪುಟ ಕಟ್ಟಿ, ಕಡಿಮೆ ಬೆಲೆಯ ಫೋನಿನಲ್ಲಿ, ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ತೆರೆದು ನೋಡಿ. ಗೂಗಲ್ಲಿನ ಪೇಜ್‌ಸ್ಪೀಡ್ ಪರೀಕ್ಷೆಯೂ ಬಿಟ್ಟಿಯಾಗಿದೆ. ಆದರೆ ಬದುವಿನ ಪರೀಕ್ಷೆಯೇ ದೊಡ್ಡದು.

ಆರಿಸುವ ಮುನ್ನ ಕೇಳಿ

1. ಡೊಮೇನ್ ಹೆಸರು ಯಾರ ಇಮೇಲಿನಲ್ಲಿ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಮಾಡಿಕೊಟ್ಟ ಹುಡುಗನ ಹೆಸರಲ್ಲಿದ್ದರೆ ಇವತ್ತೇ ಅಂಗಡಿಯ ಹೆಸರಿಗೆ ಮಾಡಿಸಿ. ಬಂಧುತ್ವ ಬೇರೆ, ಪಟ್ಟಾ ಬೇರೆ.

2. ಸೈಟನ್ನು ಪೂರ್ತಿ ಇಳಿಸಿಕೊಂಡು ಬೇರೆ ಕಡೆ ನಡೆಸಬಹುದೇ? ಮಾತು ನಂಬಬೇಡಿ. ಮೊದಲ ವಾರವೇ ಇಳಿಸಿ, ತೆರೆದು ನೋಡಿ.

3. ಕೋಡ್ ಬಾರದ ಗುಮಾಸ್ತ ಫೋನ್ ನಂಬರನ್ನು ತಾನೇ ಬದಲಿಸಬಲ್ಲನೇ? ಅವನ ಕೈಗೇ ಕೊಟ್ಟು, ಮಾತಾಡದೆ ಪಕ್ಕದಲ್ಲಿ ನಿಂತು ನೋಡಿ.

4. ಕನ್ನಡ, ತೆಲುಗು ಎರಡಕ್ಕೂ ಬೇರೆ ಬೇರೆ ಪುಟ, ಬೇರೆ ಬೇರೆ ಭಾಷಾ ಗುರುತು ಇಡಲು ಬರುತ್ತದೆಯೇ?

5. ಎರಡನೆಯ ವರ್ಷದ ಬಾಡಿಗೆ ಎಷ್ಟು? ಮೊದಲ ವರ್ಷದ ರಿಯಾಯಿತಿ ಬಿತ್ತನೆ ಬೀಜದ ಸ್ಯಾಂಪಲ್ ಪೊಟ್ಟಣದ ಹಾಗೆ. ಅದನ್ನು ನೋಡಿ ಇಡೀ ಹೊಲದ ಲೆಕ್ಕ ಹಾಕಬಾರದು.

ಹಾಗಾದರೆ ನಮ್ಮ ಅಭಿಪ್ರಾಯವೇನು ಎಂದು ಓದುಗರು ಕೇಳಬಹುದು. ನಾಲ್ಕೈದು ಪುಟದ ಅಡತಿ ಅಂಗಡಿಗೆ ಸಾದಾ ಎಚ್‌ಟಿಎಂಎಲ್ ಪುಟ, ರೇಟಿಗೆ ಒಂದು ಶೀಟು, ಹುಡುಗನ ಕೈಗೆ ಪೈನ್‌ಗ್ರೋದಂಥ ಎಡಿಟರ್, ಇಷ್ಟು ಸಾಕು. ಹೊಸ ತಳಿ, ಹೊಸ ಮಾಲು ಎಂದು ತಿಂಗಳು ತಿಂಗಳು ಸೇರಿಸುವ ಬೀಜದಂಗಡಿಗೆ, ಜಿನ್ನಿಂಗ್ ಮಿಲ್ಲಿಗೆ ಸ್ವಂತ ಹೋಸ್ಟಿಂಗಿನ ವರ್ಡ್‌ಪ್ರೆಸ್, ಅದರದೇ ಬ್ಲಾಕ್ ಎಡಿಟರ್ ಒಳ್ಳೆಯದು. ಮೇಲೆ ಇನ್ನೊಂದು ಬಿಲ್ಡರ್ ಬೇಡ. ಅಪ್‌ಡೇಟ್ ಹಾಕುವ ಹೊಣೆ ಯಾರದೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಅಂದಚೆಂದವೇ ಮುಖ್ಯವಾದ, ವರ್ಷ ವರ್ಷ ಬಾಡಿಗೆ ಕಟ್ಟಲು ಹಿಂಜರಿಯದ ದೊಡ್ಡ ವ್ಯಾಪಾರಕ್ಕೆ ವೆಬ್‌ಫ್ಲೋ ಆದೀತು. ಯಾವುದನ್ನು ಹಿಡಿದರೂ ಡೊಮೇನ್ ನಿಮ್ಮದು, ಬರಹ ನಿಮ್ಮದು, ಫೋಟೋ ನಿಮ್ಮದು, ಅವುಗಳ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿ.

ಮಾಡಿಕೊಡುವ ಹುಡುಗ ಹುಡುಗಿಯರಿಗೂ ಒಂದು ಮಾತು. ಹಬ್ಬಕ್ಕೆ ಬಂದಾಗ ಸೈಟ್ ಕಟ್ಟಿಕೊಡುವುದು ಒಂದು ದಿನದ ಕೆಲಸ. ಕೀಲಿಕೈ ಯಾವುದು, ಎಲ್ಲಿದೆ, ಕಳೆದರೆ ಏನು ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೋ ತೆಲುಗಿನಲ್ಲೋ ಬರೆದು ಅಂಗಡಿಯ ಲೆಕ್ಕದ ಪುಸ್ತಕದೊಳಗೆ ಇಟ್ಟು ಹೋಗುವುದು ಇನ್ನೊಂದು ಗಂಟೆಯ ಕೆಲಸ. ಆ ಒಂದು ಗಂಟೆ ಕೊಟ್ಟೇ ಬಸ್ಸು ಹತ್ತಿ.